ಕೊಂಬು ಮಡಚುವ ಬಿಲ್ಲೆಗಳು: ವಿಭಕ್ತಿ ಆಟವೊಂದನ್ನು ಕಟ್ಟಿದ ಬಗೆ

ಮೂರರಿಂದ ಐದನೇ ತರಗತಿಯ ಮಕ್ಕಳು ನಾಲ್ವರು ಕೂತು ಇಪ್ಪತ್ತು ನಿಮಿಷದಲ್ಲಿ ಮುಗಿಸಬಹುದಾದ ಒಂದು ವ್ಯಾಕರಣದ ಆಟ ಬೇಕಿತ್ತು. ವಿಷಯ ವಿಭಕ್ತಿ ಪ್ರತ್ಯಯ, ಅಂದರೆ ನಾಮಪದದ ಕೊನೆಗೆ ಸೇರುವ 'ಅನ್ನು', 'ಇಂದ', 'ಗೆ', 'ಅಲ್ಲಿ' ಮುಂತಾದವು. ರಟ್ಟು, ಕತ್ತರಿ, ಪ್ರಿಂಟರ್ ಇದ್ದರೆ ಯಾರು ಬೇಕಾದರೂ ಮಾಡಿಕೊಳ್ಳುವಂತಿರಬೇಕು. ಕೆಲಸ ಹೇಗೆ ನಡೆಯಿತು, ಯಾವುದನ್ನು ಏಕೆ ಹಾಗೆ ಕತ್ತರಿಸಿದೆ ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಮಾಡಿಕೊಳ್ಳುವವರಿಗೆ ಅಳತೆಗಳೂ ಸಿಗುತ್ತವೆ.

ಮೊದಲು ಒಂದು ತಕರಾರು. ವ್ಯಾಕರಣದ ಆಟ ಎಂಬ ಹೆಸರಿನಲ್ಲಿ ತರಗತಿಗಳಲ್ಲಿ ಹೆಚ್ಚಾಗಿ ಸಿಗುವುದು ಹಾವು ಏಣಿಯ ಮಣೆ. ಮಗು ದಾಳ ಹಾಕುತ್ತದೆ, ಮನೆಯಲ್ಲಿ ಬರೆದ ಪ್ರಶ್ನೆಗೆ ಉತ್ತರ ಹೇಳುತ್ತದೆ, ಸರಿಯಿದ್ದರೆ ಕಾಯಿ ಮುಂದೆ ಹೋಗುತ್ತದೆ. ಇಲ್ಲಿ ಆಟ ಇರುವುದು ದಾಳದಲ್ಲಿ. ವ್ಯಾಕರಣ ದಾರಿಯಲ್ಲಿ ಕಟ್ಟಬೇಕಾದ ಸುಂಕ ಮಾತ್ರ. ಪ್ರಶ್ನೆಗಳನ್ನು ತೆಗೆದು ಗುಣಾಕಾರವನ್ನೋ ರಾಜಧಾನಿಗಳ ಹೆಸರನ್ನೋ ಹಾಕಿದರೂ ಆಟ ಹಾಗೆಯೇ ನಡೆಯುತ್ತದೆ. ಹಾಗೆ ನಡೆಯುವುದಾದರೆ ಅದು ವೇಷ ಹಾಕಿದ ಪರೀಕ್ಷೆ. ಮಕ್ಕಳಿಗೆ ಇದು ನಮಗಿಂತ ಬೇಗ ತಿಳಿಯುತ್ತದೆ. ಆದ್ದರಿಂದ ನಾನು ಹಾಕಿಕೊಂಡ ಷರತ್ತು ಒಂದೇ: ವ್ಯಾಕರಣವನ್ನು ತೆಗೆದರೆ ಆಟವೇ ನಿಂತುಹೋಗಬೇಕು. ಪದವನ್ನು ಕಟ್ಟುವುದೇ ನಡೆ ಆಗಬೇಕು, ನಡೆಗೆ ಮುಂಚಿನ ಅಡ್ಡಿ ಆಗಬಾರದು.

ಕಲಿಸಬೇಕಾದ್ದು ಏನು

ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ವಿಭಕ್ತಿ ಬರುವುದಿಲ್ಲ ಎಂದು ಯಾರೂ ಹೇಳಲಾರರು. 'ಮನೆಗೆ', 'ಮರಕ್ಕೆ', 'ಅಣ್ಣನಿಗೆ' ಎಂದು ನಾಲ್ಕು ವರ್ಷಕ್ಕೇ ಸರಿಯಾಗಿ ಹೇಳುತ್ತದೆ. 'ಮರಗೆ' ಎಂದು ನೀವು ಹೇಳಿದರೆ ನಗುತ್ತದೆ. ಮಕ್ಕಳು ಹೀಗೆ ಕೇಳಿದ್ದನ್ನು ಬಾಯಿಪಾಠ ಮಾಡುವುದಿಲ್ಲ, ನಿಯಮವನ್ನೇ ಹಿಡಿದಿರುತ್ತಾರೆ ಎಂಬುದನ್ನು ಅಮೆರಿಕದ ಜೀನ್ ಬರ್ಕೊ 1958ರಲ್ಲಿ ಸೊಗಸಾಗಿ ತೋರಿಸಿದರು. ಲೋಕದಲ್ಲಿಲ್ಲದ ಒಂದು ಹಕ್ಕಿಯಂಥ ಪ್ರಾಣಿಯ ಚಿತ್ರ ಬರೆದು ಅದಕ್ಕೆ 'ವಗ್' ಎಂದು ಹೆಸರಿಟ್ಟು, ಈಗ ಎರಡು ಇವೆ, ಏನನ್ನುತ್ತೀರಿ ಎಂದು ಮಕ್ಕಳನ್ನು ಕೇಳಿದರು. ಎಂದೂ ಕೇಳಿರದ ಪದಕ್ಕೂ ಮಕ್ಕಳು ಇಂಗ್ಲಿಷಿನ ಬಹುವಚನದ ಪ್ರತ್ಯಯವನ್ನು ಸರಿಯಾಗಿ ಹಚ್ಚಿದರು. ಈ ಉಪಾಯವನ್ನು ನಾನು ಕೊನೆಗೆ ನೇರವಾಗಿ ಎತ್ತಿಕೊಂಡಿದ್ದೇನೆ.

ಹಾಗಾದರೆ ಇಂಥ ಮಗುವಿಗೆ ಆಟ ಕಲಿಸಬೇಕಾದ್ದು ರೂಪವನ್ನಲ್ಲ, ನಾಲಿಗೆ ತಾನಾಗಿ ಮಾಡುವುದನ್ನು ಕಣ್ಣಿಗೆ ಕಾಣಿಸಬೇಕು. ಕನ್ನಡ ಮನೆಮಾತಲ್ಲದ ಮಗುವಿಗೆ ಮಾತ್ರ ರೂಪವೇ ಬೇಕು. ಒಂದೇ ತರಗತಿಯಲ್ಲಿ ಇಬ್ಬರೂ ಇರುತ್ತಾರೆ, ಒಂದೇ ಪೆಟ್ಟಿಗೆ ಇಬ್ಬರಿಗೂ ಒದಗಬೇಕು.

ಚಕ್ರದಿಂದ ಶುರು

ವಿಭಕ್ತಿಗೆ ಎಲ್ಲರೂ ಮಾಡುವ ಉಪಕರಣ ಚಕ್ರ. ದೊಡ್ಡ ವೃತ್ತದ ಅಂಚಿನಲ್ಲಿ ನಾಮಪದಗಳು, ಮೇಲೆ ಚಿಕ್ಕ ವೃತ್ತದಲ್ಲಿ ಪ್ರತ್ಯಯಗಳು, ನಡುವೆ ಎರಡು ಕಾಲಿನ ಹಿತ್ತಾಳೆ ಪಿನ್. ಸಂಬೋಧನೆಯನ್ನೂ ಸೇರಿಸಿದರೆ ಎಂಟು ಭಾಗ, ಒಂದೊಂದಕ್ಕೆ 45 ಡಿಗ್ರಿ. ಗೋಡೆಗೆ ತೂಗುಹಾಕಿದರೆ ಚೆನ್ನಾಗಿಯೂ ಕಾಣುತ್ತದೆ. ತಿರುಗಿಸಿದಾಗ ಬರುವುದು ಮಾತ್ರ 'ಮರ ಅನ್ನು', 'ಮನೆ ಇಂದ', 'ಹುಡುಗ ಗೆ'. ಇವು ಯಾರೂ ಆಡದ, ಯಾರೂ ಬರೆಯದ ರೂಪಗಳು. ಚಕ್ರಕ್ಕೆ ಎಲ್ಲ ನಾಮಪದಗಳೂ ಒಂದೇ, ಕನ್ನಡಕ್ಕೆ ಹಾಗಲ್ಲ. ಚತುರ್ಥಿಯನ್ನೇ ನೋಡಿ: ಹುಡುಗನಿಗೆ, ಮರಕ್ಕೆ, ಮನೆಗೆ, ಹಸುವಿಗೆ, ಕಾಡಿಗೆ. ಐದು ಪದ, ಐದು ದಾರಿ. ಪ್ರತ್ಯಯದ ಪಟ್ಟಿ ಮಕ್ಕಳಿಗೆ ಕಷ್ಟವೇ ಅಲ್ಲ. ಪದಕ್ಕೂ ಪ್ರತ್ಯಯಕ್ಕೂ ನಡುವೆ ಏನು ನಡೆಯುತ್ತದೆ ಎಂಬುದೇ ಪಾಠ, ಚಕ್ರ ಅದನ್ನೇ ನುಂಗಿಬಿಡುತ್ತದೆ. ಚಕ್ರ ಗೋಡೆಯ ಮೇಲೆಯೇ ಉಳಿಯಿತು. ಪಿನ್ನುಗಳು ಬೇರೆ ಕೆಲಸಕ್ಕೆ ಬಂದವು.

ಎಲ್ಲಿ ಕತ್ತರಿಸುವುದು

ಆದ್ದರಿಂದ ಮೂರು ಬಗೆಯ ತುಂಡುಗಳು ಬೇಕು: ನಾಮಪದ, ಕೊಂಡಿ, ಪ್ರತ್ಯಯ. ಇವನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟರೆ ನಿಜವಾದ, ಓದಬಹುದಾದ ಪದವೇ ಕಾಣಬೇಕು. ಹೇಳುವುದು ಸುಲಭ. ಪುಸ್ತಕದ ಪ್ರಕಾರ ಬಿಡಿಸಿದರೆ ಮನೆ + ಯ್ + ಅನ್ನು. ಇದನ್ನು ಮೂರು ಬಿಲ್ಲೆಗಳಲ್ಲಿ ಬರೆದು ಜೋಡಿಸಿದರೆ 'ಮನೆಯ್ಅನ್ನು' ಆಗುತ್ತದೆಯೇ ಹೊರತು 'ಮನೆಯನ್ನು' ಆಗುವುದಿಲ್ಲ. ನಮ್ಮ ಲಿಪಿಯಲ್ಲಿ ಸ್ವರ ವ್ಯಂಜನದ ಪಕ್ಕ ಬಂದು ನಿಲ್ಲುವುದಿಲ್ಲ, ಅದರ ಮೈಮೇಲೆಯೇ ಏರುತ್ತದೆ. ಇಂಗ್ಲಿಷಿನ ಮಕ್ಕಳಿಗಾಗಿ ಮಾಡಿದ ಅಕ್ಷರದ ಬಿಲ್ಲೆಗಳ ಆಟವನ್ನು ಕನ್ನಡಕ್ಕೆ ತರುವವರೆಲ್ಲ ಎಡವುವ ಜಾಗ ಇದೇ.

ದಾರಿ ಸಿಕ್ಕಿದ್ದು ಕತ್ತರಿಸುವ ಗೆರೆಯನ್ನು ಸರಿಸಿದಾಗ. ಪ್ರತ್ಯಯದ ಮೊದಲ ಸ್ವರವನ್ನು ಕೊಂಡಿಯ ಪಾಲಿಗೆ ಕೊಟ್ಟುಬಿಟ್ಟರೆ ಎಲ್ಲ ತುಂಡುಗಳೂ ಪೂರ್ತಿ ಅಕ್ಷರದಲ್ಲೇ ಮುಗಿಯುತ್ತವೆ: ಮನೆ + ಯ + ನ್ನು, ಮನೆ + ಯಿ + ಂದ, ಮನೆ + ಯ + ಲ್ಲಿ. ಆಗ ಪ್ರತ್ಯಯದ ಬಿಲ್ಲೆಗಳು ನಾಲ್ಕೇ ಉಳಿದವು: 'ನ್ನು', 'ಂದ', 'ಗೆ', 'ಲ್ಲಿ'. 'ಗೆ' ಬಿಲ್ಲೆಯ ಹಿಂಬದಿಗೆ 'ಕ್ಕೆ'. ಕೊಂಡಿಗಳೂ ನಾಲ್ಕೇ: ನ, ವ, ದ, ಯ. ಒಂದೊಂದರ ಹಿಂಬದಿಯಲ್ಲೂ ಅದೇ ಅಕ್ಷರ, ಆದರೆ ತಲೆಕಟ್ಟಿನ ಬದಲು ಗುಡಿಸು: ನಿ, ವಿ, ದಿ, ಯಿ. 'ಂದ' ಬರುವಾಗ ಕೊಂಡಿಯನ್ನು ಮಗುಚಿ ಹಾಕಬೇಕು, 'ನ್ನು' ಬರುವಾಗ ಹಾಗೆಯೇ ಇಡಬೇಕು. 'ಇಂದ' ಎಂಬ ಪ್ರತ್ಯಯ 'ಇ' ಇಂದ ಶುರುವಾಗುತ್ತದೆ ಎಂದು ಯಾರೂ ಹೇಳಬೇಕಾಗಿಲ್ಲ, ಬೆರಳುಗಳಿಗೆ ಗೊತ್ತಾಗುತ್ತದೆ.

ಷಷ್ಠಿಗೆ ಬಿಲ್ಲೆಯೇ ಬೇಕಾಗಲಿಲ್ಲ. ಮರ + ದ, ಮನೆ + ಯ, ಹುಡುಗ + ನ, ಅಷ್ಟೇ. ಕೊಂಡಿ ಇಟ್ಟು ನಿಲ್ಲಿಸಿದರೆ ಅದೇ ಷಷ್ಠಿ. ಅದರ ಮುಂದೆ 'ಲ್ಲಿ' ಇಟ್ಟರೆ ಸಪ್ತಮಿ. ಪಟ್ಟಿಯಲ್ಲಿ ಆರನೆಯದು, ಏಳನೆಯದು ಎಂದು ಬೇರೆ ಬೇರೆ ಸಾಲಿನಲ್ಲಿ ಕೂತ ಇವೆರಡೂ ಹೀಗೆ ಅಂಟಿಕೊಂಡಿರುವುದು ಮೇಜಿನ ಮೇಲೆ ತಾನಾಗಿ ಕಂಡಿತು. ಪ್ರಥಮಾ ವಿಭಕ್ತಿಯ 'ಉ' ಪ್ರತ್ಯಯವನ್ನು ಕೈಬಿಟ್ಟೆ, ಅದಿಲ್ಲದೆಯೂ ವಾಕ್ಯ ನಡೆಯುತ್ತದೆ. ಪಂಚಮಿಯ 'ದೆಸೆಯಿಂದ' ಸಹ ಪೆಟ್ಟಿಗೆಯೊಳಗೆ ಬರಲಿಲ್ಲ. ಇಂದಿನ ಬರವಣಿಗೆಯಲ್ಲಿ ಅದರ ಕೆಲಸವನ್ನೂ 'ಇಂದ' ಮಾಡುತ್ತಿದೆ, ಎಂಟು ವರ್ಷದ ಮಗುವಿಗೆ ಪಟ್ಟಿ ತುಂಬಿಸುವುದಕ್ಕಾಗಿ ಅದನ್ನು ಹೇರುವುದು ನನಗೆ ಒಗ್ಗದು.

ಈ ಸೀಳು ವ್ಯಾಕರಣಶಾಸ್ತ್ರದ ಸೀಳಲ್ಲ ಎಂಬುದು ನಿಜ. ಶಾಸ್ತ್ರಕ್ಕೆ ಯ್ ಆಗಮ, ಅನ್ನು ಪ್ರತ್ಯಯ. ನನ್ನ ಬಿಲ್ಲೆಗೆ 'ಯ' ಮತ್ತು 'ನ್ನು'. ಐದನೆಯ ತರಗತಿಯವರು ಬಿಲ್ಲೆ ಜೋಡಿಸಿದ ಮೇಲೆ ಅದೇ ಪದವನ್ನು ಪೆನ್ಸಿಲಿನಿಂದ ಶಾಸ್ತ್ರದ ರೀತಿಯಲ್ಲಿ ಬಿಡಿಸಿ ಬರೆಯುತ್ತಾರೆ. ಕೆಳಗಿನವರಿಗೆ ಅದರ ತಂಟೆ ಇಲ್ಲ.

ಕೊಂಬಿನ ಪಟ್ಟಿ

ಐದನೆಯ ಗುಂಪಿನ ಪದಗಳು, ಅಂದರೆ ಕಾಡು, ಊರು, ಬೇರು, ತೇರು, ಕಾಲು, ನೀರು, ಬೇರೆಯೇ ಉಪಾಯ ಕೇಳಿದವು. ಇಲ್ಲಿ ಪ್ರತ್ಯಯ ಸೇರುವಾಗ ಪದದ ಕೊನೆಯ ಉಕಾರವೇ ಬಿದ್ದುಹೋಗುತ್ತದೆ. ಕಾಡು + ಅನ್ನು ಸೇರಿ ಕಾಡನ್ನು. ಇದಕ್ಕೇ ಲೋಪಸಂಧಿ ಎನ್ನುವುದು. ಬಿದ್ದುಹೋಗುವುದನ್ನು ರಟ್ಟಿನಲ್ಲಿ ತೋರಿಸುವುದು ಹೇಗೆ?

ಉತ್ತರ ಅಕ್ಷರದ ಆಕಾರದಲ್ಲೇ ಇತ್ತು. 'ಡು' ಬರೆಯುವಾಗ 'ಡ' ಹಾಗೆಯೇ ಇರುತ್ತದೆ, ಕೊಂಬು ಬಲಗಡೆಗೆ ಸೇರುತ್ತದೆ. ಆದ್ದರಿಂದ ಬಿಲ್ಲೆಯ ಬಲ ಅಂಚಿನಲ್ಲಿ, ಅಕ್ಷರಕ್ಕೂ ಕೊಂಬಿಗೂ ನಡುವೆ ಒಂದು ಗೆರೆ ಎಳೆದು, ಕೊಂಬಿರುವ ಪಟ್ಟಿಯನ್ನು ಹಿಂದಕ್ಕೆ ಮಡಚುವಂತೆ ಮಾಡಿದೆ. ಬಿಡಿಸಿದರೆ 'ಕಾಡು', ಮಡಚಿದರೆ 'ಕಾಡ'. ಪಕ್ಕದಲ್ಲಿ 'ನ್ನು' ಇಟ್ಟರೆ ಮುಗಿಯಿತು. 'ಕಾಡಿಗೆ', 'ಕಾಡಿನಿಂದ' ಎಂಬಲ್ಲಿ ಗುಡಿಸು ಬರುತ್ತದೆ. ಗುಡಿಸು ತಲೆಕಟ್ಟನ್ನೇ ಅಳಿಸಿ ಕೂರುವುದರಿಂದ ಮಡಚಿ ತೋರಿಸಲು ಆಗದು. ಅದಕ್ಕೆ ಬಿಲ್ಲೆಯ ಹಿಂಬದಿಯಲ್ಲಿ 'ಕಾಡಿ' ಎಂದು ಬರೆದೆ. ಹೀಗೆ ಒಂದೇ ಬಿಲ್ಲೆ ಮೂರು ರೂಪ ತೋರಿಸುತ್ತದೆ.

ಇಡೀ ಪೆಟ್ಟಿಗೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಈ ಪಟ್ಟಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಲ್ಲ ಅಕ್ಷರಗಳಲ್ಲೂ ಇದು ನಡೆಯುವುದಿಲ್ಲ. 'ಪು', 'ವು' ಇವುಗಳಲ್ಲಿ ಕೊಂಬು ಕೆಳಗಿನಿಂದ ಅಂಟಿಕೊಳ್ಳುವುದರಿಂದ ಹಾವು, ಸೋಪು ಮುಂತಾದ ಪದಗಳನ್ನು ಬಿಡಬೇಕಾಯಿತು. ಬೆಕ್ಕು, ಹಣ್ಣು ಎಂಬಲ್ಲಿ ಒತ್ತಕ್ಷರ ಮಡಚುವ ಗೆರೆಯ ಅಡಿಗೆ ಚಾಚುತ್ತದೆ, ಅವನ್ನೂ ಬಿಟ್ಟೆ. ಕೆಲವು ಫಾಂಟುಗಳಲ್ಲಿ ಕೊಂಬು ಅಕ್ಷರದೊಳಗೇ ಬೆಸೆದುಕೊಂಡಿರುತ್ತದೆ, ಆಗ ಮಡಚಿದರೆ ಅಕ್ಷರದ ಬಾಲ ತುಂಡಾಗುತ್ತದೆ. ಮುದ್ರಿಸುವ ಮೊದಲು 'ಡು', 'ರು', 'ಲು' ಮೂರನ್ನೂ ದೊಡ್ಡದಾಗಿ ಹಾಕಿ ನೋಡಿಕೊಳ್ಳಿ. ಯಾವುದೂ ಹೊಂದದಿದ್ದರೆ ಈ ಆರು ಬಿಲ್ಲೆಗಳನ್ನು ಸ್ಕೆಚ್ ಪೆನ್ನಿನಿಂದ ಕೈಯಲ್ಲೇ ಬರೆಯುವುದು ಮೇಲು.

ಮಡಚುವ ಗೆರೆಯನ್ನು ಬ್ಲೇಡಿನಿಂದ ಗೀರಬಾರದು, ಬೇಗ ಹರಿಯುತ್ತದೆ. ಇಂಕು ಮುಗಿದ ಬಾಲ್ ಪೆನ್ನನ್ನು ಸ್ಕೇಲಿಗೆ ಒತ್ತಿ ಎರಡು ಸಲ ಎಳೆದರೆ ಗೆರೆ ತಗ್ಗಾಗುತ್ತದೆ, ಪಟ್ಟಿ ಸಲೀಸಾಗಿ ಮಡಚುತ್ತದೆ. ಈ ಬಿಲ್ಲೆಗಳಿಗೆ ಲ್ಯಾಮಿನೇಷನ್ ಬೇಡ. ಗಟ್ಟಿ ಪ್ಲಾಸ್ಟಿಕ್ ಮಡಚಿದಲ್ಲಿ ಬಿಳಿಚಿ ಸೀಳುತ್ತದೆ, ಸೀಳಿದ ಅಂಚು ಬೆರಳಿಗೆ ಚುಚ್ಚುತ್ತದೆ. ಅಗಲವಾದ ಪಾರದರ್ಶಕ ಟೇಪನ್ನು ಎರಡೂ ಬದಿಗೆ ಅಂಟಿಸಿದರೆ ಸಾಕು, ಅದೇ ಬಿಜಾಗರಿಯಂತೆಯೂ ಕೆಲಸ ಮಾಡುತ್ತದೆ.

ಅಳತೆ, ಮುದ್ರಣ

300 ಜಿಎಸ್‌ಎಂ ದಪ್ಪದ ಎ4 ಹಾಳೆ, ಅಡ್ಡಲಾಗಿ. ಎಲ್ಲ ತುಂಡುಗಳ ಎತ್ತರ 60 ಮಿ.ಮೀ., ಹಾಳೆಗೆ ಮೂರು ಸಾಲು. ನಾಮಪದದ ಅಗಲ 90 ಮಿ.ಮೀ., ಅಂದರೆ ಹಾಳೆಗೆ ಒಂಬತ್ತು. ಐದು ಗುಂಪು, ಗುಂಪಿಗೆ ಆರು ಪದ, ಒಟ್ಟು ಮೂವತ್ತು ನಾಮಪದಗಳಿಗೆ ನಾಲ್ಕು ಹಾಳೆ. ಆರು ಖಾಲಿ ಬಿಲ್ಲೆಗಳು ಉಳಿಯುತ್ತವೆ, ಎಸೆಯಬೇಡಿ. ಕೊಂಡಿ ಮತ್ತು ಪ್ರತ್ಯಯಗಳ ಅಗಲ 30 ಮಿ.ಮೀ., ಸಾಲಿಗೆ ಒಂಬತ್ತು. ಎಂಟು ಬಗೆಯ ತುಂಡಿಗೆ ಎಂಟು ಸಾಲು. ಒಂಬತ್ತನೆಯ ಸಾಲಿಗೆ ಬಹುವಚನದ 'ಗಳ', ಹಿಂಬದಿಗೆ 'ಗಳಿ'. ಅದು ಎರಡಕ್ಷರ ಆದ್ದರಿಂದ ಅಗಲ 45 ಮಿ.ಮೀ., ಸಾಲಿಗೆ ಆರು. ಮೂರು ಹಾಳೆ ಸರಿಯಾಗಿ ತುಂಬುತ್ತವೆ.

ಒಂದು ಸಾಲಿನಲ್ಲಿ ಒಂದೇ ಬಗೆಯ ತುಂಡನ್ನು ಇಡುವುದಕ್ಕೆ ಕಾರಣವಿದೆ. ಎರಡೂ ಬದಿ ಮುದ್ರಿಸುವಾಗ ಎಡಬಲ ಅದಲುಬದಲಾಗುತ್ತದೆ. ಸಾಲೆಲ್ಲ 'ಯ' ಆಗಿದ್ದು ಹಿಂದೆ ಸಾಲೆಲ್ಲ 'ಯಿ' ಆಗಿದ್ದರೆ ಅದಲುಬದಲಿನಿಂದ ಏನೂ ಕೆಡುವುದಿಲ್ಲ. ಹಾಳೆ ಮಗುಚುವ ದಿಕ್ಕನ್ನು ಮಾತ್ರ ಮೊದಲು ಸಾದಾ ಕಾಗದದಲ್ಲಿ ಪರೀಕ್ಷಿಸಿ.

ಅಕ್ಷರದ ಗಾತ್ರ 60 ಪಾಯಿಂಟ್. ನಾಮಪದವನ್ನು ಬಲ ಅಂಚಿಗೆ ತಾಗಿಸಿ, ಉಳಿದವನ್ನು ನಡುವೆ ಇಡಿ. ಕೆಳಗೆ ಒತ್ತಕ್ಷರಕ್ಕೆ ಜಾಗ ಬಿಡಬೇಕು, ಇಲ್ಲದಿದ್ದರೆ 'ಕ್ಕೆ' ಮತ್ತು 'ಲ್ಲಿ'ಗಳ ಕಾಲು ಕತ್ತರಿಗೆ ಸಿಗುತ್ತದೆ. ಎಲ್ಲ ತುಂಡುಗಳ ಕೆಳ ಅಂಚಿನಲ್ಲಿ ಒಂದು ತೆಳು ಗೆರೆ ಇದ್ದರೆ ಬಿಲ್ಲೆ ತಲೆಕೆಳಗಾಗಿಲ್ಲ ಎಂದು ತಿಳಿಯುತ್ತದೆ, ಜೋಡಿಸಿದಾಗ ಸಾಲೂ ನೇರ ಬರುತ್ತದೆ.

'ಂದ' ಬಿಲ್ಲೆ ಕಂಪ್ಯೂಟರಿನಲ್ಲಿ ಸತಾಯಿಸುತ್ತದೆ. ಅಕ್ಷರವಿಲ್ಲದೆ ಬರೀ ಸೊನ್ನೆ ಹಾಕಿದರೆ ಹಿಂದೆ ಚುಕ್ಕಿಗಳ ವೃತ್ತವೊಂದು ಮೂಡುತ್ತದೆ. ಅದರ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಬೆರಳಚ್ಚಿಸಿ ಪಕ್ಕದಲ್ಲಿ 'ದ' ಬರೆಯಿರಿ. ಮಕ್ಕಳ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ನನ್ನ ಕಣ್ಣಿಗೂ ತಿಳಿಯಲಿಲ್ಲ.

ಒಂದು ಪ್ರಲೋಭನೆಯನ್ನು ಬೇಕೆಂದೇ ತಡೆದೆ. ಜಿಗ್‌ಸಾ ಚಿತ್ರದಂತೆ ಅಂಚುಗಳಿಗೆ ಹಲ್ಲು ಕತ್ತರಿಸಿ, ಸರಿಯಾದ ಕೊಂಡಿ ಮಾತ್ರ ಸರಿಯಾದ ಪದಕ್ಕೆ ಕೂರುವಂತೆ ಮಾಡಬಹುದಿತ್ತು. ನೋಡಲು ಚಂದ, ಶಿಕ್ಷಕರಿಗೆ ಕೆಲಸವೂ ಕಡಿಮೆ. ಆದರೆ ಆಗ ಮಗು ಓದುವುದೇ ಇಲ್ಲ, ಹಲ್ಲು ನೋಡಿ ಕೂರಿಸುತ್ತದೆ. ತಪ್ಪಾಗಿ ಜೋಡಿಸುವ ಅವಕಾಶವಿದ್ದರೆ ಮಾತ್ರ ಸರಿಯಾಗಿ ಜೋಡಿಸುವುದಕ್ಕೆ ಅರ್ಥ. ಕನ್ನಡ ಮನೆಮಾತಲ್ಲದ ಮಕ್ಕಳಿಗಾಗಿ ನಾಮಪದದ ಎಡ ಮೂಲೆಯಲ್ಲಿ ಗುಂಪಿನ ಚಿಕ್ಕ ಗುರುತು ಹಾಕಿದ್ದೇನೆ: ಚುಕ್ಕೆ, ಗೆರೆ, ಚೌಕ, ತ್ರಿಕೋನ, ಅಡ್ಡಗೆರೆ. ಬರೀ ಬಣ್ಣ ಹಾಕಲಿಲ್ಲ, ಏಕೆಂದರೆ ಕೆಂಪು ಹಸಿರು ಬೇರೆಯಾಗಿ ಕಾಣದ ಮಕ್ಕಳು, ಅದರಲ್ಲೂ ಹುಡುಗರು, ಯಾವ ತರಗತಿಯಲ್ಲೂ ಇರಬಹುದು. ಕೈ ಕುದುರಿದ ಮೇಲೆ ಗುರುತಿನ ಮೇಲೆ ಕಾಗದ ಅಂಟಿಸಿಬಿಡಬಹುದು.

ಆಡುವ ಬಗೆ

ಬಿಲ್ಲೆಗಳ ಜೊತೆಗೆ ಇಪ್ಪತ್ತನಾಲ್ಕು ವಾಕ್ಯದ ಪಟ್ಟಿಗಳಿವೆ. ಪ್ರತಿ ಪಟ್ಟಿಯಲ್ಲೂ ಒಂದು ಖಾಲಿ ಜಾಗ: 'ನಾನು ___ ನೋಡಿದೆ', '___ ಹಕ್ಕಿ ಕುಳಿತಿದೆ', '___ ನೀರು ಕೊಡು', '___ ಹಾಲು ಸಿಗುತ್ತದೆ', 'ಅವಳು ___ ಬಂದಳು'. ಖಾಲಿ ಜಾಗದ ಮೇಲೆ ಕಪ್ಪು ತ್ರಿಕೋನ, ಕ್ರಿಯಾಪದದ ಮೇಲೆ ಕೆಂಪು ವೃತ್ತ. ಈ ಗುರುತುಗಳು ಮಾರಿಯಾ ಮಾಂಟೆಸ್ಸೊರಿ ಪದ್ಧತಿಯವು, ಅಲ್ಲಿ ನಾಮಪದಕ್ಕೆ ಕಪ್ಪು ತ್ರಿಕೋನ, ಕ್ರಿಯಾಪದಕ್ಕೆ ಕೆಂಪು ವೃತ್ತ. ಆ ಪದ್ಧತಿಯಲ್ಲಿ ಬೇರೆ ಪದಜಾತಿಗಳಿಗೂ ಗುರುತುಗಳಿವೆ, ನನಗೆ ಬೇಕಾದ್ದು ಇವೆರಡೇ. ಯಾವ ವಿಭಕ್ತಿ ಬೇಕೆಂದು ಹೇಳುವುದು ಬಹುಮಟ್ಟಿಗೆ ಕ್ರಿಯಾಪದವೇ ಆದ್ದರಿಂದ, ಮಗುವಿನ ಕಣ್ಣು ಮೊದಲು ಕೆಂಪು ವೃತ್ತಕ್ಕೆ ಹೋಗಿ ಅಲ್ಲಿಂದ ತ್ರಿಕೋನಕ್ಕೆ ಮರಳಲಿ ಎಂಬ ಎಣಿಕೆ.

ಕೈಗೆ ನಾಲ್ಕು ನಾಮಪದ, ಎಂಟು ಚಿಕ್ಕ ಬಿಲ್ಲೆ. ಸರದಿ ಬಂದಾಗ ವಾಕ್ಯದ ಪಟ್ಟಿಯೊಂದನ್ನು ಎತ್ತಿ, ಕೈಯಲ್ಲಿರುವ ತುಂಡುಗಳಿಂದ ಪದ ಕಟ್ಟಿ, ಇಡೀ ವಾಕ್ಯವನ್ನು ಗಟ್ಟಿಯಾಗಿ ಓದಬೇಕು. ಬಳಸಿದಷ್ಟು ತುಂಡು, ಅಷ್ಟು ಅಂಕ. ಕಟ್ಟಲಾಗದಿದ್ದರೆ ಎರಡು ಬಿಲ್ಲೆ ಬದಲಾಯಿಸಿಕೊಂಡು ಸರದಿ ಬಿಡಬೇಕು. ಉಳಿದವರಿಗೆ ರೂಪ ಸರಿಯಿಲ್ಲ ಎನಿಸಿದರೆ ಆಕ್ಷೇಪ ಎತ್ತಬಹುದು. ಆಕ್ಷೇಪ ಸರಿಯಿದ್ದರೆ ಆ ಅಂಕ ಆಕ್ಷೇಪಿಸಿದವರಿಗೆ, ಸುಳ್ಳಾದರೆ ಅವರ ಒಂದು ಬಿಲ್ಲೆ ಎದುರಾಳಿಗೆ. ಈ ದಂಡ ಇಲ್ಲದಿದ್ದರೆ ಗಟ್ಟಿ ಗಂಟಲಿನವರು ಪ್ರತಿ ಪದಕ್ಕೂ ಕೂಗುತ್ತಾರೆ. ತೀರ್ಪಿಗೆ ಮೊದಲು ಕಿವಿ, ಆಮೇಲೆ ಮೂವತ್ತು ಪದಗಳ ರೂಪಗಳನ್ನು ಬರೆದ ಹಾಳೆ. ಹಾಳೆ ಮಡಚಿ ಪೆಟ್ಟಿಗೆಯ ತಳದಲ್ಲಿರುತ್ತದೆ, ಎರಡೂ ಪಕ್ಷ ತಮ್ಮ ಮಾತು ಹೇಳಿ ಮುಗಿಸುವವರೆಗೆ ತೆರೆಯುವಂತಿಲ್ಲ.

ಅರ್ಥ ವಿಚಿತ್ರವಾದರೂ ರೂಪ ಸರಿಯಿದ್ದರೆ ಅಂಕ ಉಂಟು. 'ಹಸುವಿನಲ್ಲಿ ಹಕ್ಕಿ ಕುಳಿತಿದೆ' ನಡೆಯುತ್ತದೆ. ಮಕ್ಕಳು ನಗುತ್ತಾರೆ, ನಗುವಾಗಲೇ ರೂಪ ಬೇರೆ, ಅರ್ಥ ಬೇರೆ ಎಂಬುದು ಅವರ ತಲೆಗೆ ಹೋಗಿರುತ್ತದೆ. 'ಅವಳು ___ ಬಂದಳು' ಪಟ್ಟಿಗೆ ಊರಿಗೆ, ಊರಿನಿಂದ ಎರಡೂ ಹೊಂದುತ್ತವೆ. ಇಟ್ಟವರು ಅವಳು ಈಗ ಎಲ್ಲಿದ್ದಾಳೆ ಎಂದು ಹೇಳಿದರೆ ಸಾಕು.

ಆಡಿದಾಗ ಕಂಡದ್ದು

ತುಂಡಿಗೆ ಒಂದು ಅಂಕ ಎಂಬ ನಿಯಮ ಆಟದ ದಿಕ್ಕನ್ನೇ ನಿರ್ಧರಿಸಿತು. ಮರ + ಕ್ಕೆ ಎರಡೇ ಅಂಕ. ಹಸು + ವಿ + ನಿ + ಂದ ನಾಲ್ಕು. ಹಸು, ಗುರು, ಕರು, ಮಡು, ಮಗು, ಸಾಧು ಇರುವ ಗುಂಪಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಈ ಗುಂಪಿಗೆ ಮಾತ್ರ ಎರಡು ಕೊಂಡಿ ಏಕೆ, ಕಾಡಿಗೆ ಆದಂತೆ ಹಸುವಿನ ಕೊಂಬೂ ಏಕೆ ಬೀಳುವುದಿಲ್ಲ ಎಂಬ ಪ್ರಶ್ನೆ ಮಕ್ಕಳಿಂದಲೇ ಬಂತು. ಅಚ್ಚಗನ್ನಡದ ಪದಗಳಲ್ಲಿ ಬಹುಮಟ್ಟಿಗೆ ಹೀಗೆ: ಎರಡೇ ಅಕ್ಷರವಿದ್ದು, ಮೊದಲನೆಯದು ಹ್ರಸ್ವವಾಗಿದ್ದು, ನಡುವೆ ಒತ್ತಕ್ಷರವಿಲ್ಲದಿದ್ದರೆ ಕೊನೆಯ ಉಕಾರ ಗಟ್ಟಿ ನಿಲ್ಲುತ್ತದೆ. ಮೊದಲನೆಯದು ದೀರ್ಘವಾದರೆ ಬೀಳುತ್ತದೆ. ಸಾಧು, ವಸ್ತು ಮುಂತಾದ ಸಂಸ್ಕೃತದ ಪದಗಳು ಈ ಲೆಕ್ಕಕ್ಕೆ ಸಿಗದೆ ಉಕಾರವನ್ನು ಉಳಿಸಿಕೊಳ್ಳುತ್ತವೆ. ಇದನ್ನು ನಾನು ನಿಯಮವಾಗಿ ಹೇಳಲಿಲ್ಲ. ಹಸು, ಕರು, ಮಡುಗಳನ್ನು ಒಂದು ಕಡೆ, ಕಾಡು, ಬೇರು, ತೇರುಗಳನ್ನು ಇನ್ನೊಂದು ಕಡೆ ಇಟ್ಟು, ಚಪ್ಪಾಳೆ ತಟ್ಟುತ್ತಾ ಓದಿ ಎಂದೆ. ಉಳಿದದ್ದನ್ನು ಅವರೇ ಹೇಳಿದರು.

'ಗಳ' ಬಿಲ್ಲೆಯಿಂದ ಬಂದದ್ದು ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು. ಮರಕ್ಕೆ, ಮನೆಗೆ, ಹಸುವಿಗೆ ಎಂದು ಮೂರು ದಾರಿ ಹಿಡಿದ ಪದಗಳು 'ಗಳಿ' ಸೇರಿದ ಕೂಡಲೇ ಒಂದಾಗುತ್ತವೆ: ಮರಗಳಿಗೆ, ಮನೆಗಳಿಗೆ, ಹಸುಗಳಿಗೆ. ಕೊಂಡಿಗಳ ಜಗಳವೇ ಇಲ್ಲ. ಇನ್ನೂ ಒಂದು ಸೂಕ್ಷ್ಮ: ಕಾಡು + ಗಳ ಎನ್ನುವಾಗ ಕೊಂಬನ್ನು ಮಡಚಬಾರದು, ಪಟ್ಟಿ ಬಿಡಿಸಿಯೇ ಇರಬೇಕು. ಮುಂದೆ ಸ್ವರ ಬಂದರೆ ಮಡಚು, ವ್ಯಂಜನ ಬಂದರೆ ಮಡಚಬೇಡ. ಲೋಪಸಂಧಿ ಎಂಬ ಹೆಸರನ್ನು ನಾನು ಹೇಳಿದ್ದು ಪಟ್ಟಿ ಮಡಚುವುದು ಕೈಗೆ ರೂಢಿಯಾದ ಮೇಲೆ. ಹೆಸರು ಆಗ ಉಪಯೋಗಕ್ಕೆ ಬಂತು, ಏಕೆಂದರೆ ಹೆಸರಿಡಲು ಒಂದು ವಸ್ತು ಇತ್ತು.

'ನಾನು ___ ಓದಿದೆ' ಎಂಬ ಪಟ್ಟಿಗೆ ಯಾವ ಬಿಲ್ಲೆಯೂ ಇಲ್ಲದೆ ಬರೀ 'ಪುಸ್ತಕ' ಇಟ್ಟವರಿದ್ದಾರೆ. ಆಕ್ಷೇಪ ಬಂತು, ಆಕ್ಷೇಪ ನಿಲ್ಲಲಿಲ್ಲ. 'ಪುಸ್ತಕ ಓದಿದೆ' ಅಪ್ಪಟ ಕನ್ನಡ. ಒಂದು ಅಂಕ ಕೊಟ್ಟೆವು. ಆಮೇಲೆ 'ನಾನು ಹುಡುಗ ನೋಡಿದೆ' ಎಂದು ಇಟ್ಟಾಗ ಎಲ್ಲರೂ ಒಟ್ಟಿಗೆ ಬೇಡವೆಂದರು. ಪುಸ್ತಕಕ್ಕೆ 'ಅನ್ನು' ಬಿಡಬಹುದು, ಹುಡುಗನಿಗೆ ಬಿಡಲಾಗದು ಎಂಬ ಈ ಸೂಕ್ಷ್ಮ ಶಾಲೆಯ ವಿಭಕ್ತಿ ಪಟ್ಟಿಯಲ್ಲಿ ಕಾಣಿಸುವುದಿಲ್ಲ, ಆದರೆ ಅಲ್ಲಿದ್ದ ಪ್ರತಿ ಮಗುವಿಗೂ ಗೊತ್ತಿತ್ತು.

ಖಾಲಿ ಬಿಲ್ಲೆಗಳು

ಉಳಿಸಿಕೊಂಡ ಆರು ಖಾಲಿ ಬಿಲ್ಲೆಗಳಿಗೆ ಮಕ್ಕಳೇ ಇಲ್ಲದ ಪದ ಹುಟ್ಟಿಸಿ ಬರೆಯಬೇಕು. ಬರ್ಕೊ ಅವರ ಹಕ್ಕಿಯ ವಂಶವೇ ಇದು. 'ಟಿಮ್ಮೆ' ಎಂದು ಬಂದರೆ ತೊಂದರೆ ಇಲ್ಲ: ಟಿಮ್ಮೆಗೆ, ಟಿಮ್ಮೆಯಿಂದ. 'ಪೋಚು' ಬಂದಾಗ ಬಹುತೇಕರು ಕೊಂಬನ್ನು ಬೀಳಿಸಿ 'ಪೋಚಿಗೆ' ಎಂದರು. ಅದೇ ಮಕ್ಕಳು 'ಪುಚು' ಎಂಬುದಕ್ಕೆ 'ಪುಚುವಿಗೆ' ಎಂದರು. ಎಂದೂ ಕೇಳದ ಪದಗಳಿವು.

'ಗುಬ್ಬಳ' ಮಾತ್ರ ಆಟವನ್ನೇ ನಿಲ್ಲಿಸಿತು. ಒಬ್ಬರು 'ಗುಬ್ಬಳಕ್ಕೆ' ಎಂದು ಕಟ್ಟಿದರು, ಇನ್ನೊಬ್ಬರು 'ಗುಬ್ಬಳನಿಗೆ' ಆಗಬೇಕೆಂದರು. ಹಾಳೆಯಲ್ಲಿ ಉತ್ತರವಿಲ್ಲ, ಕಿವಿಗೆ ಎರಡೂ ಸರಿ. ಅದು ವಸ್ತುವೋ ಮನುಷ್ಯನೋ ಎಂದು ಮೊದಲು ತೀರ್ಮಾನಿಸದೆ ಪ್ರತ್ಯಯ ಹಚ್ಚುವಂತೆಯೇ ಇಲ್ಲ. ಅಕಾರದಲ್ಲಿ ಮುಗಿಯುವ ಪದಕ್ಕೆ ಮಾತ್ರ ಈ ಕಟ್ಟು, ಟಿಮ್ಮೆ ಮನುಷ್ಯಳಾದರೂ ವಸ್ತುವಾದರೂ ಟಿಮ್ಮೆಗೆ ಎಂದೇ ಆಗುತ್ತದೆ. ಲಿಂಗ ಎಂಬ ಅಧ್ಯಾಯಕ್ಕೂ ವಿಭಕ್ತಿ ಎಂಬ ಅಧ್ಯಾಯಕ್ಕೂ ಏನು ಸಂಬಂಧ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಪದ ನನಗೆ ಹೊಳೆಯುತ್ತಿರಲಿಲ್ಲ. ಈಗ ಹೊಸ ಪದ ಬರೆಯುವವರು ಬಿಲ್ಲೆಯ ಮೂಲೆಯಲ್ಲಿ ಚಿತ್ರವನ್ನೂ ಬರೆಯಬೇಕು ಎಂಬ ನಿಯಮವಿದೆ.

ಪೆಟ್ಟಿಗೆಯ ಉಳಿದ ಸಾಮಾನು

ಕ್ರಿಯಾಪದಕ್ಕೆ ಒಂದು ತಿರುಗುಮುಳ್ಳು ಮಾಡಿದೆ. ನಾನು, ನಾವು, ನೀನು, ನೀವು, ಅವನು, ಅವಳು, ಅವರು, ಅದು, ಅವು: ಒಂಬತ್ತು ಇರುವುದರಿಂದ ಆರು ಮುಖದ ದಾಳ ಸಾಲದು. ರಟ್ಟಿನ ವೃತ್ತವನ್ನು 40 ಡಿಗ್ರಿಯ ಒಂಬತ್ತು ಭಾಗ ಮಾಡಿ, ಕಾಗದದ ಕ್ಲಿಪ್ಪೊಂದನ್ನು ನಡುವಿನಲ್ಲಿ ಹಿತ್ತಾಳೆ ಪಿನ್ನಿನಿಂದ ಸಡಿಲವಾಗಿ ಸಿಕ್ಕಿಸಿದರೆ ಅದೇ ಮುಳ್ಳು. ಕಾಲಕ್ಕೆ ದಾಳ, ಪ್ರತಿ ಕಾಲಕ್ಕೂ ಎರಡು ಮುಖ. 'ಓಡು' ಎಂಬ ಧಾತುವಿಗೆ ಮುಳ್ಳು 'ಅವು' ತೋರಿಸಿ ದಾಳ ಭೂತಕಾಲ ತೋರಿಸಿದರೆ 'ಓಡಿದವು'. ಮೋಜಿದೆ, ಆದರೆ ನನ್ನ ಷರತ್ತಿನ ಪ್ರಕಾರ ಇದು ಅರ್ಧ ಆಟ. ಮುಳ್ಳು ತಿರುಗುವುದೇ ಇಲ್ಲಿ ಸಂಭ್ರಮ. ನಡುವೆ 'ಮಗು' ಬಿಲ್ಲೆಯನ್ನು ಎಸೆದರೆ ಸ್ವಲ್ಪ ಕಳೆ ಬರುತ್ತದೆ, ಏಕೆಂದರೆ ಮಗು ಅಳುತ್ತದೆ, ಮಕ್ಕಳು ಅಳುತ್ತಾರೆ.

ಒಂದು ವ್ಯಂಜನದ ಜಾಗಕ್ಕೆ ಇನ್ನೊಂದು ಬರುವ ಆದೇಶಸಂಧಿಗೆ ಎರಡು ಬದಿಯ ಬಿಲ್ಲೆಗಳು: ಮುಂದೆ 'ಕಾಲ', ಹಿಂದೆ 'ಗಾಲ'. ಮುಂದೆ 'ತೊಗಲು', ಹಿಂದೆ 'ದೊಗಲು'. ಮಳೆ + ಕಾಲ ಮಳೆಗಾಲ, ಹುಲಿ + ತೊಗಲು ಹುಲಿದೊಗಲು. 'ಮನೆಕೆಲಸ', 'ಮನೆಗೆಲಸ' ಎರಡೂ ಬಳಕೆಯಲ್ಲಿರುವುದರಿಂದ ಆ ಜೋಡಿಯನ್ನು ಹೊರಗಿಟ್ಟೆ. ದೊಡ್ಡವರೇ ಅದರ ಬಗ್ಗೆ ಗಂಟೆಗಟ್ಟಲೆ ವಾದಿಸುತ್ತಾರೆ.

ಬಿಲ್ಲೆಗಳನ್ನು ಬಗೆಬಗೆಯಾಗಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟರೆ ಅಂಚು ಬಾಗುತ್ತವೆ. ಬೆಂಕಿಪೊಟ್ಟಣದಂಥ ಒಳಗೂಡುಗಳನ್ನು ಉಳಿದ ರಟ್ಟಿನಲ್ಲೇ ಮಾಡಿಕೊಳ್ಳುವುದು ಒಳ್ಳೆಯದು. ಮೊದಲು ಸವೆಯುವುದು ಕೊಂಬಿನ ಪಟ್ಟಿಗಳೇ, ಅದರಲ್ಲೂ 'ಊರು'. ಆ ಆರು ಬಿಲ್ಲೆಗಳ ಒಂದು ಜೊತೆ ಹೆಚ್ಚುವರಿಯಾಗಿ ಮುದ್ರಿಸಿಟ್ಟುಕೊಳ್ಳಿ.

ಮುಂದಿನ ಮುದ್ರಣಕ್ಕೆ ಒಂದು ಸೇರ್ಪಡೆ ಬಾಕಿ ಇದೆ. 'ಗಳ' ಬಿಲ್ಲೆ ಹುಡುಗ, ಅಣ್ಣ, ರೈತ ಇವರಿಗೆ ಹೊಂದುವುದಿಲ್ಲ. 'ಹುಡುಗಗಳನ್ನು' ಎಂದು ಇಟ್ಟವರ ಅಂಕ ಕೂಡಲೇ ಹೋಗುತ್ತದೆ, ಆದರೆ ಸರಿಯಾದದ್ದನ್ನು ಕಟ್ಟಲು ಅವರ ಕೈಯಲ್ಲಿ ತುಂಡೂ ಇಲ್ಲ. 'ರ', ಹಿಂಬದಿಗೆ 'ರಿ' ಇರುವ ಒಂದು ಸಾಲು ಬೇಕು: ಹುಡುಗ + ರ + ನ್ನು, ರೈತ + ರಿ + ಗೆ. ಅಣ್ಣನಿಗೆ 'ಂದಿರ', 'ಂದಿರಿ' ಬೇಕು, ಅದು ಮತ್ತೊಂದು ಸಾಲು. ಮೂರು ಹಾಳೆಗಳೂ ತುಂಬಿರುವುದರಿಂದ ನಾಲ್ಕನೆಯದನ್ನು ತೆರೆಯಬೇಕು. ಅದರಲ್ಲಿ ಉಳಿಯುವ ಮೂರನೆಯ ಸಾಲಿಗೆ ಬಹುಶಃ ಇನ್ನಷ್ಟು 'ವ', 'ವಿ'. ಹಸುವಿನ ಗುಂಪಿನಿಂದಾಗಿ ಪ್ರತಿ ಆಟದಲ್ಲೂ ಮೊದಲು ಖಾಲಿಯಾಗುವುದು ಅದೇ.